ಯುದ್ಧದ ಡಿಜಿಟಲ್ ದಾಖಲೆಗಳನ್ನು ಎಲ್ಲಿ ಉಳಿಸಬೇಕು: ಮುಂಬೈ, ಪುಣೆಯ ಕನ್ನಡಿಗರಿಗೊಂದು ಹೋಲಿಕೆಯ ಮಾರ್ಗದರ್ಶಿ

ಪರದೇಶದ ಯುದ್ಧದಿಂದ ಪಾರಾದವರು ಮುಂಬೈಗೆ ಬಂದಿಳಿಯುವುದು ಹೊಸತಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಈ ನಗರಕ್ಕೆ ಕರೆತರಲಾಯಿತು. ಅವರಲ್ಲಿ ಕರಾವಳಿ ಕರ್ನಾಟಕದವರೂ ಇದ್ದರು. ಅವರ ಬಳಿ ಉಳಿದ ದಾಖಲೆ ಎಂದರೆ ಪಾಸ್‌ಪೋರ್ಟಿನ ಮುದ್ರೆಗಳು, ಒಂದಿಷ್ಟು ಕಾಗದಪತ್ರ, ಉಳಿದದ್ದೆಲ್ಲ ನೆನಪು. 2022ರ ಫೆಬ್ರವರಿ 26ರಂದು ಆಪರೇಷನ್ ಗಂಗಾದ ಮೊದಲ ವಿಮಾನ ಬುಕಾರೆಸ್ಟ್‌ನಿಂದ 219 ಮಂದಿಯನ್ನು ಹೊತ್ತು ಇದೇ ಮುಂಬೈಯಲ್ಲಿ ಇಳಿದಾಗ ಸ್ಥಿತಿ ಬೇರೆಯಾಗಿತ್ತು. ಉಕ್ರೇನಿನಿಂದ ಮರಳಿದ ವಿದ್ಯಾರ್ಥಿಗಳ ಫೋನುಗಳಲ್ಲಿ ನೆಲಮಾಳಿಗೆಯ ರಾತ್ರಿಗಳು, ಗಡಿಯತ್ತ ನಡೆದ ದಾರಿ, ಒಡೆದ ಕಿಟಕಿಗಳು, ಸೈರನ್ ಸದ್ದು, ಎಲ್ಲವೂ ವಿಡಿಯೊ ಆಗಿ ಬಂದಿದ್ದವು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ ಮೇಲಂತೂ ಆ ನಗರದ ಹೆಸರು ಕನ್ನಡದ ಮನೆಮನೆಗೂ ಪರಿಚಿತವಾಯಿತು.

ಇನ್ನೊಂದು ಗುಂಪು ನಾವಿಕರದು. ಹಡಗಿನ ಕೆಲಸಕ್ಕೆ ಮುಂಬೈಯನ್ನೇ ಆಶ್ರಯಿಸಿದ ಕನ್ನಡಿಗರೂ ತುಳುವರೂ ಬಹಳ. 2024ರ ಜನವರಿ 26ರಂದು ಏಡನ್ ಕೊಲ್ಲಿಯಲ್ಲಿ ಕ್ಷಿಪಣಿ ತಾಗಿ ಹೊತ್ತಿ ಉರಿದ ಮಾರ್ಲಿನ್ ಲುವಾಂಡಾ ಹಡಗಿನಲ್ಲಿ 22 ಮಂದಿ ಭಾರತೀಯರಿದ್ದರು. ಅದೇ ವರ್ಷ ಏಪ್ರಿಲ್ 13ರಂದು ಇರಾನ್ ವಶಪಡಿಸಿಕೊಂಡ ಎಂಎಸ್‌ಸಿ ಏರೀಸ್ ಹಡಗಿನಲ್ಲಿ 17 ಮಂದಿ ಇದ್ದರು. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಪುಣೆಯ ಹಿಂಜವಡಿಯಲ್ಲೋ ವಾಸಿಸುವ ಕುಟುಂಬವೊಂದರ ಹಳೆಯ ಫೋನಿನಲ್ಲಿ ಇಂದು ಅಂತರರಾಷ್ಟ್ರೀಯ ಮಹತ್ವದ ದಾಖಲೆಯೊಂದು ಇರುವುದು ಅಸಂಭವವೇನಲ್ಲ. ಅಂಥವರಿಗೂ, ಅವರಿಂದ ದಾಖಲೆಗಳನ್ನು ಸಂಗ್ರಹಿಸಬಯಸುವ ಇಲ್ಲಿನ ಕನ್ನಡ ಸಂಘಗಳಿಗೂ, ದೂರದ ಯುದ್ಧಗಳನ್ನು ಜಾಲದಲ್ಲಿ ಗಮನಿಸುತ್ತಿರುವ ವಿದ್ಯಾರ್ಥಿಗಳಿಗೂ ಎದುರಾಗುವ ಆಯ್ಕೆಗಳನ್ನು ಇಲ್ಲಿ ಒಂದಕ್ಕೊಂದು ಹೋಲಿಸಿ ನೋಡಲಾಗಿದೆ.

ಸ್ಮರಣೆಗೋ, ನ್ಯಾಯಕ್ಕೋ?

ಆಯ್ಕೆಗಳನ್ನು ತೂಗುವ ಮುನ್ನ ದಾಖಲೆಯನ್ನು ಯಾತಕ್ಕಾಗಿ ಉಳಿಸುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು, ಏಕೆಂದರೆ ಸ್ಮರಣೆ ಮತ್ತು ನ್ಯಾಯ ಒಂದೇ ಚಿತ್ರದಿಂದ ಬೇರೆ ಬೇರೆ ಸಂಗತಿಗಳನ್ನು ಬಯಸುತ್ತವೆ. ಸಿರಿಯಾದ ಸೇನಾ ಪೊಲೀಸ್ ವಿಭಾಗದ ಛಾಯಾಗ್ರಾಹಕನಾಗಿದ್ದು ‘ಸೀಸರ್’ ಎಂಬ ಗುಪ್ತನಾಮದಿಂದ ಹೆಸರಾದ ವ್ಯಕ್ತಿ 2013ರಲ್ಲಿ ದೇಶ ಬಿಟ್ಟು ಹೊರಬಂದಾಗ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು ಹೊರಜಗತ್ತಿಗೆ ತಲುಪಿದವು. ಅವುಗಳಲ್ಲಿ 28,707 ಚಿತ್ರಗಳು ಬಂಧನದಲ್ಲಿ ಸತ್ತವರವು ಮತ್ತು ಅವು ಕನಿಷ್ಠ 6,786 ಮಂದಿಗೆ ಸಂಬಂಧಿಸಿದವು ಎಂದು ಹ್ಯೂಮನ್ ರೈಟ್ಸ್ ವಾಚ್ 2015ರಲ್ಲಿ ವರದಿ ಮಾಡಿತು. ಅದೇ ವರ್ಷ ಸಾವಿರಾರು ಚಿತ್ರಗಳು ಜಾಲದಲ್ಲಿ ಬಹಿರಂಗವಾದಾಗ, ಕಾಣೆಯಾದ ಮಗನನ್ನೋ ತಮ್ಮನನ್ನೋ ಹುಡುಕುತ್ತಿದ್ದ ಕುಟುಂಬಗಳು ಆ ಮುಖಗಳ ನಡುವೆ ತಮ್ಮವರನ್ನು ಗುರುತಿಸಿದವು. ಆ ಕೆಲಸಕ್ಕೆ ಪ್ರತಿಯ ಗುಣಮಟ್ಟ ಎಷ್ಟಿತ್ತು ಎಂಬುದು ಮುಖ್ಯವಾಗಲಿಲ್ಲ. ಮುಖ ಕಂಡರೆ ಸಾಕಿತ್ತು. ಆದರೆ ಜರ್ಮನಿಯ ಪ್ರಾಸಿಕ್ಯೂಟರ್‌ಗೆ ಅದು ಸಾಲಲಿಲ್ಲ. ಜಾಲದಲ್ಲಿ ಚಿತ್ರಗಳು ಹರಿದಾಡುತ್ತಿದ್ದರೂ 2017ರ ಸೆಪ್ಟೆಂಬರ್‌ನಲ್ಲಿ ಮೆಟಾಡೇಟಾ (ಯಾವಾಗ, ಹೇಗೆ ತೆಗೆದದ್ದು ಎಂಬಂಥ, ಫೈಲಿನೊಳಗಿನ ಮಾಹಿತಿ) ಸಹಿತವಾದ ಪ್ರತಿಗಳನ್ನು ಪ್ರತ್ಯೇಕವಾಗಿ ಒಪ್ಪಿಸಬೇಕಾಯಿತು. ಕೊಲೋನ್ ನಗರದ ವಿಧಿವಿಜ್ಞಾನ ವೈದ್ಯರು ಅವುಗಳನ್ನು ಪರೀಕ್ಷಿಸಿದರು. ಕೊಬ್ಲೆಂಝ್ ನ್ಯಾಯಾಲಯವು 2022ರ ಜನವರಿ 13ರಂದು ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದ ವಿಚಾರಣೆಯಲ್ಲಿ ಆ ಚಿತ್ರಗಳು ಸಾಕ್ಷ್ಯದ ಭಾಗವಾದವು.

ಇದರಿಂದ ನಾನು ತಲುಪುವ ನಿಲುವು ಇಷ್ಟು. ನ್ಯಾಯಾಲಯಕ್ಕೆ ಒದಗುವಂತೆ ಇಟ್ಟ ದಾಖಲೆಯಿಂದ ಸ್ಮರಣೆಯ ಪ್ರತಿಗಳನ್ನು ಯಾವಾಗ ಬೇಕಾದರೂ ತೆಗೆಯಬಹುದು, ಆದರೆ ಹಂಚಿ, ಕತ್ತರಿಸಿ, ಸಂಗೀತ ಸೇರಿಸಿ ಇಟ್ಟ ಪ್ರತಿಯಿಂದ ಮೂಲವನ್ನು ಮತ್ತೆ ಪಡೆಯಲಾಗದು. ಇಂದು ಯಾವ ದೃಶ್ಯ ಮುಂದೆ ಸಾಕ್ಷ್ಯವಾಗುತ್ತದೆ ಎಂದು ಯಾರೂ ಹೇಳಲಾರರಾದ್ದರಿಂದ, ಸ್ಮರಣೆಯಷ್ಟೇ ಉದ್ದೇಶವಾಗಿದ್ದರೂ ಮೂಲವನ್ನು ಕಟ್ಟುನಿಟ್ಟಿನ ಕ್ರಮದಲ್ಲೇ ಕಾಯ್ದಿರಿಸಿ, ಉಳಿದ ಎಲ್ಲ ಬಳಕೆಗೂ ನಕಲುಗಳನ್ನು ಉಪಯೋಗಿಸುವುದು ಒಳ್ಳೆಯದು. ಮುಂದಿನ ಹೋಲಿಕೆಯೆಲ್ಲ ಈ ಅಳತೆಗೋಲಿನಿಂದ ನಡೆದಿದೆ.

ವಾಟ್ಸ್‌ಆ್ಯಪ್, ಯೂಟ್ಯೂಬ್, ಡ್ರೈವ್

ಹೆಚ್ಚಿನವರು ಬೇರೇನೂ ಯೋಚಿಸದೆ ಮಾಡುವ ಆಯ್ಕೆ ಇದೇ, ಮತ್ತು ಉಳಿಸುವ ದೃಷ್ಟಿಯಿಂದ ಅತ್ಯಂತ ದುರ್ಬಲವಾದದ್ದೂ ಇದೇ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ ಅದರ ಗಾತ್ರ ಕುಗ್ಗುತ್ತದೆ, ತೆಗೆದ ಸ್ಥಳವನ್ನೂ ಸಮಯವನ್ನೂ ಹೇಳುವ ಒಳಮಾಹಿತಿ ಅಳಿಸಿಹೋಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸುವುದು ವಾಸಿ. ಆಗ 2 ಜಿಬಿಯವರೆಗಿನ ಫೈಲು ಹೇಗಿದೆಯೋ ಹಾಗೆಯೇ ಹೋಗುತ್ತದೆ. ಕುಟುಂಬದ ಗುಂಪಿನಲ್ಲಿ ಹತ್ತಾರು ಕೈ ದಾಟಿ ಬಂದ ವಿಡಿಯೊಗೆ ಅದನ್ನು ತೆಗೆದವರು ಯಾರೆಂಬ ಗುರುತೇ ಇರುವುದಿಲ್ಲ.

ಯೂಟ್ಯೂಬ್, ಫೇಸ್‌ಬುಕ್‌ಗಳ ತೊಂದರೆ ಬೇರೆ ಬಗೆಯದು. 2017ರಲ್ಲಿ ಯೂಟ್ಯೂಬ್ ಉಗ್ರವಾದಿ ವಿಡಿಯೊಗಳನ್ನು ಯಂತ್ರದ ಮೂಲಕ ಗುರುತಿಸಿ ತೆಗೆದುಹಾಕತೊಡಗಿದಾಗ, ಸಿರಿಯಾದ ದೌರ್ಜನ್ಯಗಳನ್ನು ದಾಖಲಿಸುತ್ತಿದ್ದ ವಾಹಿನಿಗಳೂ ಅದರೊಂದಿಗೆ ಮಾಯವಾದವು. ಹಿಂಸೆಯನ್ನು ಮೆರೆಸುವ ವಿಡಿಯೊಗೂ ಹಿಂಸೆಯನ್ನು ದೂರುವ ವಿಡಿಯೊಗೂ ಇರುವ ವ್ಯತ್ಯಾಸ ಯಂತ್ರಕ್ಕೆ ತಿಳಿಯಲಿಲ್ಲ. 2014ರಲ್ಲಿ ಆರಂಭವಾಗಿದ್ದ ಸಿರಿಯನ್ ಆರ್ಕೈವ್ ತಂಡ ಅದಕ್ಕೂ ಮುನ್ನವೇ ಅನೇಕ ವಿಡಿಯೊಗಳನ್ನು ಇಳಿಸಿಟ್ಟುಕೊಂಡಿದ್ದರಿಂದ ಒಂದಷ್ಟು ಉಳಿಯಿತು, ಕೆಲವನ್ನು ಹೋರಾಡಿ ಮರಳಿ ಹಾಕಿಸಲಾಯಿತು.

ಹಾಗೆಂದು ಸಾಮಾಜಿಕ ಜಾಲತಾಣದ ವಿಡಿಯೊಗೆ ನ್ಯಾಯಾಲಯದಲ್ಲಿ ಬೆಲೆಯೇ ಇಲ್ಲ ಎನ್ನಲಾಗದು. 2017ರ ಆಗಸ್ಟ್ 15ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಸೇನಾ ಕಮಾಂಡರ್ ಮಹಮೂದ್ ಅಲ್‌-ವೆರ್ಫಲ್ಲಿಯ ಬಂಧನಕ್ಕೆ ಹೊರಡಿಸಿದ ವಾರಂಟ್, 33 ಮಂದಿಯ ಹತ್ಯೆಗೆ ಸಂಬಂಧಿಸಿ, ಬಹುಮಟ್ಟಿಗೆ ಜಾಲತಾಣಗಳಲ್ಲಿ ಬಂದ ವಿಡಿಯೊಗಳನ್ನೇ ಆಧರಿಸಿತ್ತು. ಆದರೆ ವಾರಂಟ್ ಹೊರಡಿಸಲು ಬೇಕಾದ ಪ್ರಮಾಣ ಬೇರೆ, ಶಿಕ್ಷೆಗೆ ಬೇಕಾದ ಪ್ರಮಾಣ ಬೇರೆ. ಆತ 2021ರಲ್ಲಿ ಬೆಂಗಾಜಿಯಲ್ಲಿ ಕೊಲೆಯಾದದ್ದರಿಂದ ಆ ವಿಡಿಯೊಗಳು ಪೂರ್ಣ ವಿಚಾರಣೆಯ ಪರೀಕ್ಷೆಗೆ ಒಳಗಾಗಲೇ ಇಲ್ಲ.

ಗೂಗಲ್ ಡ್ರೈವ್‌ನಂಥ ಕ್ಲೌಡ್ ಸೇವೆಗಳು ಇವೆರಡಕ್ಕಿಂತ ಮೇಲು, ಏಕೆಂದರೆ ಡ್ರೈವ್ ಫೈಲನ್ನು ಕುಗ್ಗಿಸುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಮಾತ್ರ ‘ಮೂಲ ಗುಣಮಟ್ಟ’ ಎಂಬುದನ್ನು ಆರಿಸಿರಬೇಕು. ಉಚಿತವಾಗಿ ಸಿಗುವ 15 ಜಿಬಿ ಜಾಗ ವಿಡಿಯೊಗಳಿಗೆ ಬೇಗ ತುಂಬುತ್ತದೆ, ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲೇ ತಂದಿದೆ. ಕ್ಲೌಡ್ ಒಂದು ಹೆಚ್ಚುವರಿ ಪ್ರತಿಗೆ ಸರಿ, ಏಕೈಕ ಪ್ರತಿಗೆ ಅಲ್ಲ.

ಸ್ವಂತ ಹಾರ್ಡ್ ಡಿಸ್ಕ್

ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೇ, ಆದರೆ ಕೆಲವು ಶಿಸ್ತುಗಳನ್ನು ಪಾಲಿಸಿದರೆ ಮಾತ್ರ. ಫೈಲನ್ನು ಫೋನಿನಿಂದ ಕೇಬಲ್ ಮೂಲಕ ಕಂಪ್ಯೂಟರಿಗೆ ನಕಲಿಸಿ, ಅದರ ಹೆಸರನ್ನೂ ಬದಲಿಸದೆ ಎರಡು ಡಿಸ್ಕುಗಳಲ್ಲಿ ಇಡಬೇಕು, ಆ ಎರಡೂ ಡಿಸ್ಕುಗಳು ಒಂದೇ ಮನೆಯಲ್ಲಿ ಇರಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಏನೇನು ಹೋಯಿತು ಎಂಬುದನ್ನು ಈ ಊರಿನವರಿಗೆ ನೆನಪಿಸಬೇಕಿಲ್ಲ. ಒಂದು ಡಿಸ್ಕು ಮುಂಬೈಯಲ್ಲಿದ್ದರೆ ಇನ್ನೊಂದು ಪುಣೆಯ ನೆಂಟರ ಮನೆಯಲ್ಲೋ ಊರಿನಲ್ಲೋ ಇರಲಿ. ದೀರ್ಘಕಾಲ ವಿದ್ಯುತ್ ಸಂಪರ್ಕವಿಲ್ಲದೆ ಇಟ್ಟರೆ ಪೆನ್ ಡ್ರೈವ್ ಮತ್ತು ಎಸ್‌ಎಸ್‌ಡಿಗಳಲ್ಲಿನ ದತ್ತಾಂಶ ಕ್ಷೀಣಿಸಬಹುದಾದ್ದರಿಂದ, ಕಪಾಟಿನಲ್ಲಿ ಇಡುವ ಪ್ರತಿಗೆ ಸಾಮಾನ್ಯ ಹಾರ್ಡ್ ಡಿಸ್ಕೇ ಯುಕ್ತ. ಅದನ್ನೂ ವರ್ಷಕ್ಕೊಮ್ಮೆಯಾದರೂ ತೆರೆದು ನೋಡಿ, ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸಬೇಕು. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿಯೂ ಸಿಲಿಕಾ ಜೆಲ್ ಪೊಟ್ಟಣವೂ ಸಾಕು.

ಫೈಲು ಬದಲಾಗಿಲ್ಲ ಎಂಬುದನ್ನು ತೋರಿಸುವ ಸಾಧನ ಹ್ಯಾಶ್. ಫೈಲಿನ ಒಳಗಿರುವ ಎಲ್ಲ ದತ್ತಾಂಶವನ್ನು ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರ್ ಕೊಡುವ ಅಂಕಿ-ಅಕ್ಷರಗಳ ಸರಣಿ ಅದು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅದರ ಉದ್ದ 64 ಅಕ್ಷರ. ವಿಡಿಯೊದ ಒಂದೇ ಒಂದು ಚುಕ್ಕೆ ಬದಲಾದರೂ ಸರಣಿ ಪೂರ್ತಿ ಬದಲಾಗುತ್ತದೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಇದನ್ನು ಲೆಕ್ಕಹಾಕುವ ಆಜ್ಞೆ ಮೊದಲೇ ಇರುತ್ತದೆ, ಹಣ ಕೊಡಬೇಕಿಲ್ಲ. ಎಂಡಿ5 ಎಂಬ ಹಳೆಯ ವಿಧಾನವನ್ನು 2004ರಲ್ಲೇ, ಎಸ್‌ಎಚ್‌ಎ-1 ಅನ್ನು 2017ರಲ್ಲಿ ಸಂಶೋಧಕರು ಭೇದಿಸಿರುವುದರಿಂದ ಹೊಸದಾಗಿ ಆರಂಭಿಸುವವರು ಎಸ್‌ಎಚ್‌ಎ-256 ಅನ್ನೇ ಬಳಸಬೇಕು. ಹ್ಯಾಶ್ ಸರಣಿಯನ್ನು, ದಿನಾಂಕವನ್ನು, ಚಿತ್ರೀಕರಿಸಿದವರ ಹೆಸರನ್ನು, ಯಾವ ಫೋನಿನಿಂದ ಯಾರು ನಕಲಿಸಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲೇ ಬರೆದಿಟ್ಟು, ಡಿಸ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ ಒಂದು ಸಾಲು ಸೇರಿಸಿದರೆ ನ್ಯಾಯಾಲಯ ಕೇಳುವ ಹಸ್ತಾಂತರದ ಇತಿಹಾಸ ಸಿದ್ಧವಾದಂತೆಯೇ. ಹ್ಯಾಶ್ ಏನನ್ನು ಹೇಳುವುದಿಲ್ಲ ಎಂಬುದೂ ತಿಳಿದಿರಲಿ. ಲೆಕ್ಕಹಾಕಿದ ಕ್ಷಣದಿಂದ ಈಚೆಗೆ ಫೈಲು ಬದಲಾಗಿಲ್ಲ ಎಂದಷ್ಟೇ ಅದು ತೋರಿಸುತ್ತದೆ. ಅದಕ್ಕೂ ಮುನ್ನ ಯಾರಾದರೂ ತಿದ್ದಿದ್ದರೆ ಆ ತಿದ್ದುಪಡಿಗೂ ಅದು ಅಷ್ಟೇ ನಿಷ್ಠೆಯಿಂದ ಕಾವಲಿರುತ್ತದೆ. ಆದ್ದರಿಂದ ಬೇಗ ಲೆಕ್ಕಹಾಕಿದಷ್ಟೂ ಅದಕ್ಕೆ ಬೆಲೆ ಹೆಚ್ಚು.

ಭಾರತದ ಕಾನೂನೂ ಈಗ ಇದೇ ದಾರಿಗೆ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಡಿಜಿಟಲ್ ದಾಖಲೆಗಳಿಗೆ ಕೇಳುವ ಪ್ರಮಾಣಪತ್ರದಲ್ಲಿ ಹ್ಯಾಶ್ ಸರಣಿಯನ್ನು ನಮೂದಿಸಬೇಕು. ಅದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರೂ ಇನ್ನೊಂದು ಭಾಗವನ್ನು ತಜ್ಞರೂ ತುಂಬಬೇಕು. ಹಿಂದಿನ ಕಾನೂನಿನ 65ಬಿ ಕಲಮಿನ ಕುರಿತ ಪ್ರಸಿದ್ಧ ತೀರ್ಪು ನಮ್ಮ ಮಹಾರಾಷ್ಟ್ರದ್ದೇ ಆದ ಜಾಲ್ನಾ ಕ್ಷೇತ್ರದ ಚುನಾವಣಾ ತಕರಾರಿನಿಂದಲೇ ಹುಟ್ಟಿತು. ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜುಲೈಯಲ್ಲಿ ನಕಲು ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದಿತು. ಆದರೆ ಫೋನಿನ ಒಡೆಯನೇ ಸಾಕ್ಷಿಕಟ್ಟೆಗೆ ಬಂದು, ಮೂಲ ದಾಖಲೆಯಿರುವ ಸಾಧನವನ್ನೇ ಹಾಜರುಪಡಿಸಿದರೆ ಅದು ಬೇಕಿಲ್ಲ ಎಂದೂ ಹೇಳಿತು. ಯುದ್ಧಾಪರಾಧದ ವಿಚಾರಣೆ ಬಹುತೇಕ ನಮ್ಮ ನ್ಯಾಯಾಲಯದಲ್ಲಿ ನಡೆಯುವುದಿಲ್ಲ ಎಂಬುದು ನಿಜ. ಆದರೂ ಪರಿಹಾರ, ವಿಮೆ, ಸಂಬಳದ ಬಾಕಿ ಮುಂತಾದ ತಕರಾರುಗಳು ಇಲ್ಲೇ ನಡೆಯಬಹುದು. ಆದ್ದರಿಂದ ಚಿತ್ರೀಕರಿಸಿದ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಟ್ಟುಬಿಡಬೇಡಿ. ಅದರ ಪರದೆ ಒಡೆದಿದ್ದರೂ, ಬ್ಯಾಟರಿ ನಿಲ್ಲದಿದ್ದರೂ, ಅದು ಡಿಸ್ಕಿನಲ್ಲಿರುವ ಪ್ರತಿಗಿಂತ ಮೇಲಿನ ದರ್ಜೆಯ ಸಾಕ್ಷ್ಯ.

ಜಾಲದಲ್ಲಿ ಕಂಡದ್ದನ್ನು ಉಳಿಸುವುದು

ಯುದ್ಧವನ್ನು ಕಣ್ಣಾರೆ ಕಾಣದೆ, ಜಾಲದಲ್ಲಿ ಬರುವ ವಿಡಿಯೊ, ಪೋಸ್ಟುಗಳನ್ನು ಗಮನಿಸಿ ಉಳಿಸಬಯಸುವವರ ಆಯ್ಕೆಗಳು ಬೇರೆ. ಸ್ಕ್ರೀನ್‌ಶಾಟ್ ಅತ್ಯಂತ ಸುಲಭ, ಆದರೆ ಅದನ್ನು ಯಾರು ಬೇಕಾದರೂ ಸೃಷ್ಟಿಸಬಹುದಾದ್ದರಿಂದ ಒಂಟಿಯಾಗಿ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಪುಟದ ವಿಳಾಸವನ್ನು ಕೊಟ್ಟರೆ, ಆ ದಿನ ಆ ಪುಟ ಹೀಗಿತ್ತು ಎಂಬುದಕ್ಕೆ ನಿಮಗೆ ಸಂಬಂಧವಿಲ್ಲದ ಮೂರನೆಯವರ ಸಾಕ್ಷಿ ದೊರೆತಂತಾಗುತ್ತದೆ, ಇದು ಅದರ ದೊಡ್ಡ ಗುಣ. ಸಾಮಾಜಿಕ ಜಾಲತಾಣಗಳ ವಿಡಿಯೊಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ, ಇದು ಅದರ ದೊಡ್ಡ ಕೊರತೆ. 2024ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯ ಮೇಲೆಯೇ ಸೈಬರ್ ದಾಳಿ ನಡೆದು ಹಲವು ದಿನ ಸೇವೆ ನಿಂತಾಗ, ಇಡೀ ಜಗತ್ತು ಒಂದೇ ಸಂಗ್ರಹವನ್ನು ನೆಚ್ಚಿಕೊಂಡಿರುವುದರ ಅಪಾಯ ಕಣ್ಣಿಗೆ ಕಂಡಿತು.

ಇದಕ್ಕಿಂತ ಗಟ್ಟಿಯಾದ ದಾರಿಯೆಂದರೆ ಪುಟವನ್ನು ವಾರ್ಕ್ ಎಂಬ ಅಂತರರಾಷ್ಟ್ರೀಯ ಮಾನಕದ ಸ್ವರೂಪದಲ್ಲಿ ನೀವೇ ಇಳಿಸಿಕೊಳ್ಳುವುದು. ವೆಬ್‌ರೆಕಾರ್ಡರ್ ತಂಡದ ಉಚಿತ ಸಾಧನಗಳು ಬ್ರೌಸರಿನಲ್ಲೇ ಇದನ್ನು ಮಾಡಿಕೊಡುತ್ತವೆ. ನೀವು ಪುಟದಲ್ಲಿ ಏನೇನು ತೆರೆದು ನೋಡಿದಿರೋ ಅದೆಲ್ಲವೂ, ವಿಡಿಯೊ ಸಹಿತ, ಒಂದು ಫೈಲಿನಲ್ಲಿ ಸೇರುತ್ತದೆ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಸಾಂಸ್ಕೃತಿಕ ಸಂಸ್ಥೆಗಳ ಜಾಲತಾಣಗಳನ್ನು ಉಳಿಸಲು ಹುಟ್ಟಿಕೊಂಡ ಸುಚೋ ಎಂಬ ಸ್ವಯಂಸೇವಕರ ಬಳಗ ಇಂಥ ಸಾಧನಗಳಿಂದಲೇ 50 ಟಿಬಿಯಷ್ಟು ದತ್ತಾಂಶವನ್ನು ಕಾಪಾಡಿತು. ಅದರಲ್ಲಿ ದುಡಿದ 1,500ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಗ್ರಂಥಪಾಲಕರು, ಅಧ್ಯಾಪಕರು, ವಿದ್ಯಾರ್ಥಿಗಳು ಮೊದಲಾದ ಸಾಮಾನ್ಯರು, ಉಕ್ರೇನಿನ ಹೊರಗೆ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಕೆಲಸ ಮಾಡಿದವರು. ಖಾರ್ಕಿವ್‌ನ ಸರ್ಕಾರಿ ಅಭಿಲೇಖಾಗಾರದ ತಾಣದಿಂದ 100 ಜಿಬಿಗೂ ಹೆಚ್ಚು ದಾಖಲೆಯನ್ನು ಇಳಿಸಿಕೊಂಡ ಸ್ವಲ್ಪ ಹೊತ್ತಿಗೆಲ್ಲ ಆ ತಾಣ ಸ್ತಬ್ಧವಾಯಿತು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರು ಯುದ್ಧದ ದಾಖಲೆಗಾಗಿ ಏನಾದರೂ ಮಾಡಬೇಕೆಂದು ಬಯಸಿದರೆ, ಅವರ ಕೌಶಲಕ್ಕೆ ಇದಕ್ಕಿಂತ ತಕ್ಕ ಕೆಲಸ ನನಗೆ ಕಾಣುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ದಿನವಿಡೀ ಇಂಥ ದೃಶ್ಯಗಳನ್ನು ನೋಡುವವರ ಮನಸ್ಸಿಗೂ ಗಾಯವಾಗುತ್ತದೆ. ಧ್ವನಿಯನ್ನು ನಿಲ್ಲಿಸಿ ನೋಡುವುದು, ಒಬ್ಬರೇ ಕೂರದಿರುವುದು, ಸರದಿ ಹಾಕಿಕೊಳ್ಳುವುದು ಈ ಕೆಲಸದವರ ಸಾಮಾನ್ಯ ರೂಢಿ.

ಇನ್ನೂ ಚಿತ್ರೀಕರಿಸಬೇಕಾದವರಿಗೆ

ಅಪಾಯದ ಜಲಮಾರ್ಗಗಳಲ್ಲಿ ಹೋಗುವ ನಾವಿಕರು, ಪತ್ರಕರ್ತರು, ಪರಿಹಾರ ಸಂಸ್ಥೆಗಳ ನೌಕರರು ಮುಂಚಿತವಾಗಿಯೇ ವಿಶೇಷ ಆ್ಯಪ್ ಹಾಕಿಕೊಳ್ಳಬಹುದು. ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್ 2015ರಲ್ಲಿ ಹೊರತಂದ ‘ಐವಿಟ್‌ನೆಸ್ ಟು ಅಟ್ರಾಸಿಟೀಸ್’ ಎಂಬ ಆ್ಯಪ್ ಚಿತ್ರ ತೆಗೆದ ಕ್ಷಣದಲ್ಲೇ ಸ್ಥಳ, ಸಮಯ, ಹ್ಯಾಶ್‌ಗಳನ್ನು ದಾಖಲಿಸಿ, ಗೂಢಲಿಪಿಯಲ್ಲಿ ತನ್ನ ಭದ್ರ ಸರ್ವರಿಗೆ ಕಳುಹಿಸುತ್ತದೆ. 2018ರಲ್ಲಿ ಕಾಂಗೋ ದೇಶದ ದಕ್ಷಿಣ ಕಿವು ಪ್ರಾಂತದ ಸೇನಾ ನ್ಯಾಯಾಲಯವು ಇಬ್ಬರು ಬಂಡುಕೋರ ನಾಯಕರಿಗೆ ಮಾನವೀಯತೆಯ ವಿರುದ್ಧದ ಅಪರಾಧಕ್ಕಾಗಿ ಶಿಕ್ಷೆ ವಿಧಿಸಿದಾಗ ಈ ಆ್ಯಪ್‌ನಿಂದ ತೆಗೆದ ಚಿತ್ರಗಳು ಸಾಕ್ಷ್ಯವಾಗಿದ್ದವು. ಪ್ರೂಫ್‌ಮೋಡ್ ಎಂಬ ಇನ್ನೊಂದು ಆ್ಯಪ್ ಇಂಥದೇ ಪುರಾವೆಯನ್ನು ಸಿದ್ಧಪಡಿಸಿ ನಿಮ್ಮ ಕೈಯಲ್ಲೇ ಬಿಡುತ್ತದೆ. ದಾಖಲೆ ಬೇರೆಯವರ ವಶಕ್ಕೆ ಹೋಗುವುದು ಬೇಡ ಎನ್ನುವವರಿಗೆ ಎರಡನೆಯದು, ಫೋನೇ ವಶವಾಗುವ ಭಯವಿರುವವರಿಗೆ ಮೊದಲನೆಯದು ಹೊಂದುತ್ತದೆ. ಆದರೆ ಇಂಥ ಆ್ಯಪ್ ಫೋನಿನಲ್ಲಿ ಸಿಕ್ಕಿತೆಂಬುದೇ ಬಂಧನಕ್ಕೆ ಕಾರಣವಾಗಬಹುದಾದ ಸ್ಥಳಗಳಿವೆ. ಅಲ್ಲಿ ಫೋನಿನ ಸಾಮಾನ್ಯ ಕ್ಯಾಮೆರಾವೇ ಕ್ಷೇಮ.

ನಾವಿಕರಿಗೆ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ವಿಮಾನದ ಬ್ಲ್ಯಾಕ್ ಬಾಕ್ಸ್‌ನಂತೆ ಹಡಗಿನಲ್ಲಿರುವ ವಾಯೇಜ್ ಡೇಟಾ ರೆಕಾರ್ಡರ್ ಎಲ್ಲವನ್ನೂ ಹಿಡಿದಿರುತ್ತದೆ ಎಂಬ ಭರವಸೆಯಲ್ಲಿ ಇರುವಂತಿಲ್ಲ. 2014ರ ನಂತರ ಅಳವಡಿಸಿದ ಸಾಧನಗಳಲ್ಲಿ ಕೂಡ ದೀರ್ಘಾವಧಿಯ ದಾಖಲೆ ಕನಿಷ್ಠ 30 ದಿನದ್ದು, ಹೊರಗಿನ ಭದ್ರ ಕೋಶಗಳದ್ದು ಕನಿಷ್ಠ 48 ಗಂಟೆಯದ್ದು. ಸಕಾಲದಲ್ಲಿ ಉಳಿಸದಿದ್ದರೆ ಹೊಸ ದತ್ತಾಂಶ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಅದು ಹಡಗಿನ ಮಾಲೀಕರ ಸ್ವತ್ತು ಬೇರೆ. ನಿಮ್ಮ ಫೋನಿನ ವಿಡಿಯೊ ನಿಮ್ಮದು, ಆದರೂ ಅದನ್ನು ಬಹಿರಂಗಪಡಿಸುವ ಮುನ್ನ ಕಂಪನಿಯೊಂದಿಗಿನ ಕರಾರನ್ನು ಓದಿಕೊಳ್ಳಿ. ಉಳಿಸಿಡುವುದಕ್ಕೂ ಹಂಚುವುದಕ್ಕೂ ನಡುವಿನ ಅಂತರ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಯಾರ ಕೈಗೆ ಒಪ್ಪಿಸುವುದು?

ದಾಖಲೆ ಗಂಭೀರವಾದ ಅಪರಾಧವನ್ನು ತೋರಿಸುತ್ತಿದ್ದರೆ ಅದನ್ನು ಮನೆಯಲ್ಲಿ ಇಟ್ಟುಕೊಂಡಷ್ಟಕ್ಕೇ ಕರ್ತವ್ಯ ಮುಗಿಯದು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನಕ್ಕೆ ಭಾರತ ಸೇರಿಲ್ಲವಾದರೂ, ಬೇರೆ ದೇಶದ ನೆಲದಲ್ಲಿ ಕಂಡದ್ದನ್ನು ತಿಳಿಸಲು ಭಾರತೀಯ ಪ್ರಜೆಗೆ ಅಡ್ಡಿಯಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್ ಕಚೇರಿ 2023ರಲ್ಲಿ ಆರಂಭಿಸಿದ ಓಟಿಪಿ ಲಿಂಕ್ ಎಂಬ ದ್ವಾರದ ಮೂಲಕ ಜಾಲದಲ್ಲೇ ಫೈಲುಗಳನ್ನು ಸಲ್ಲಿಸಬಹುದು. ಸಿರಿಯಾಕ್ಕಾಗಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2016ರ ಡಿಸೆಂಬರ್‌ನಲ್ಲಿ, ಮ್ಯಾನ್ಮಾರ್‌ಗಾಗಿ ಮಾನವ ಹಕ್ಕುಗಳ ಮಂಡಳಿ 2018ರಲ್ಲಿ ಸ್ಥಾಪಿಸಿದ ತನಿಖಾ ವ್ಯವಸ್ಥೆಗಳು ಸಾಕ್ಷ್ಯವನ್ನು ಸಂಗ್ರಹಿಸಿ, ವಿಶ್ಲೇಷಿಸಿ, ಮುಂದೆ ಯಾವುದಾದರೂ ನ್ಯಾಯಾಲಯಕ್ಕೆ ಒದಗಿಸಲೆಂದೇ ಇವೆ. ಇವರಿಗೆ ಒಪ್ಪಿಸಿದರೆ ದಾಖಲೆಯ ಭದ್ರತೆಯ ಬಗ್ಗೆ ಚಿಂತೆಯಿಲ್ಲ. ಆದರೆ ಅದು ಏನಾಯಿತೆಂಬ ಸುದ್ದಿ ನಿಮಗೆ ವರ್ಷಗಟ್ಟಲೆ ಬಾರದಿರಬಹುದು, ಸಾರ್ವಜನಿಕರ ಕಣ್ಣಿಗೂ ಅದು ಬೀಳುವುದಿಲ್ಲ. ಬರ್ಲಿನ್‌ನ ನೆಮೊನಿಕ್‌ನಂಥ ಸ್ವತಂತ್ರ ಸಂಸ್ಥೆಗಳು ನಡುವಿನ ದಾರಿ ಹಿಡಿದಿವೆ: ಮೂಲವನ್ನು ಹ್ಯಾಶ್ ಸಹಿತ ಕಾಯ್ದಿರಿಸಿ, ಪರಿಶೀಲಿಸಿದ ಭಾಗವನ್ನು ಸಂಶೋಧಕರಿಗೆ ತೆರೆದಿಡುತ್ತವೆ. ಇಂಥ ಕೆಲಸಕ್ಕೆ ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಸೇರಿ 2020ರಲ್ಲಿ ಪ್ರಕಟಿಸಿದ ಬರ್ಕ್ಲಿ ನಿಯಮಾವಳಿ ಇಂದು ಆಧಾರ. ಯಾವುದೇ ಸಂಸ್ಥೆಗೆ ದಾಖಲೆ ಕೊಡುವ ಮುನ್ನ ಅದು ಈ ನಿಯಮಾವಳಿಯನ್ನು ಅನುಸರಿಸುತ್ತದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ನಮ್ಮ ಸಂಘಗಳು. ಮಾಟುಂಗಾದಿಂದ ಪುಣೆಯವರೆಗೆ ದಶಕಗಳಿಂದ ನಡೆದು ಬಂದ ಕನ್ನಡ ಸಂಸ್ಥೆಗಳಿಗೆ ಜನರ ವಿಶ್ವಾಸವಿದೆ, ಭಾಷೆಯಿದೆ, ಸ್ಥಳವಿದೆ. ಸ್ಮರಣೆಯ ಸಂಗ್ರಹಕ್ಕೆ ಇವೇ ಮುಖ್ಯ ಬಂಡವಾಳ. 2010ರಲ್ಲಿ ಆರಂಭವಾದ 1947 ಪಾರ್ಟಿಷನ್ ಆರ್ಕೈವ್ ಸ್ವಯಂಸೇವಕರ ನೆರವಿನಿಂದಲೇ ದೇಶವಿಭಜನೆಯನ್ನು ಕಂಡವರ ಹತ್ತು ಸಾವಿರಕ್ಕೂ ಹೆಚ್ಚು ನೆನಪುಗಳನ್ನು ದಾಖಲಿಸಿತು. ಆದರೆ ಸಂಘಗಳ ದೌರ್ಬಲ್ಯವೂ ನಮಗೆ ಗೊತ್ತಿದೆ: ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡೂ ಕಪಾಟಿನ ಬೀಗದ ಕೈಯೂ ಕಾಣೆಯಾಗುತ್ತವೆ. ದೊಡ್ಡ ಸಂಸ್ಥೆಗಳಿಗೂ ವಿಪತ್ತು ತಪ್ಪಿದ್ದಲ್ಲ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಬಿದ್ದ ಬೆಂಕಿಗೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಹಳೆಯ ನೈಟ್ರೇಟ್ ರೀಲುಗಳು ಆಹುತಿಯಾದವು. ಆದ್ದರಿಂದ ಸಂಘಕ್ಕೆ ಸ್ಮರಣೆಯ ಪ್ರತಿಯನ್ನು ಕೊಡಿ, ಮೂಲವನ್ನು ಕೊಡಬೇಡಿ ಎಂಬುದು ನನ್ನ ಸಲಹೆ. ಸಂಘದವರಿಗೆ ಇದು ಕಹಿಯೆನಿಸಿದರೂ ಅವರ ಹೊರೆಯನ್ನು ಇದು ಇಳಿಸುತ್ತದೆ.

ಸಂಗ್ರಹವನ್ನು ಜನರಿಗೆ ತೋರಿಸುವ ಸಂಘವು ಮುಖಗಳ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು. ಯುದ್ಧಕೈದಿಗಳನ್ನು ಸಾರ್ವಜನಿಕ ಕುತೂಹಲಕ್ಕೆ ಒಡ್ಡಬಾರದೆಂದು ಮೂರನೆಯ ಜಿನೀವಾ ಒಡಂಬಡಿಕೆಯ 13ನೆಯ ವಿಧಿ ಹೇಳುತ್ತದೆ. ಅಲ್ಲಿ ಉಳಿದಿರುವ ನೆರೆಹೊರೆಯವರ, ಹಾಸ್ಟೆಲ್ ಕಾವಲುಗಾರರ, ದಾರಿ ತೋರಿಸಿದ ಚಾಲಕರ ಮುಖಗಳು ಕಂಡರೆ ಅವರಿಗೂ ಅಪಾಯವಾಗಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೂ ಅಭಿಲೇಖನಕ್ಕೂ ಷರತ್ತುಬದ್ಧ ವಿನಾಯಿತಿ ಇದೆಯಾದರೂ, ಅದನ್ನೇ ನೆಚ್ಚಿಕೊಳ್ಳದೆ ಪ್ರತಿಯೊಬ್ಬರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು, ಆ ಒಪ್ಪಿಗೆಯಲ್ಲಿ ಇಡುವುದು, ತೋರಿಸುವುದು, ತನಿಖೆಗೆ ಕೊಡುವುದು ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳುವುದು ಸರಿಯಾದ ಕ್ರಮ. ಮುಖವನ್ನು ಮಸುಕುಗೊಳಿಸುವುದು ಪ್ರದರ್ಶನದ ಪ್ರತಿಯಲ್ಲಿ ಮಾತ್ರ, ಮೂಲವನ್ನು ಮುಟ್ಟುವಂತಿಲ್ಲ.

ಬಾಯಿಮಾತಿನ ನೆನಪುಗಳು

ಮರಳಿ ಬಂದವರನ್ನು ಕೂರಿಸಿ ಅವರ ಅನುಭವವನ್ನು ಧ್ವನಿಮುದ್ರಿಸುವುದು ಸ್ಮರಣೆಗೆ ಅತ್ಯುತ್ತಮ. ನ್ಯಾಯಕ್ಕೆ ಅದು ಕೆಲವೊಮ್ಮೆ ತೊಡಕು. ಒಬ್ಬ ಸಾಕ್ಷಿ ಮೂರು ಕಡೆ ಮೂರು ಬಗೆಯಾಗಿ ಹೇಳಿದ್ದರೆ ಆ ವ್ಯತ್ಯಾಸಗಳನ್ನೇ ಪ್ರತಿವಾದಿ ವಕೀಲರು ಹಿಡಿಯುತ್ತಾರೆ. ಪದೇ ಪದೇ ಹೇಳಿಸುವುದರಿಂದ ಹೇಳುವವರ ಗಾಯವೂ ಕೆದಕುತ್ತದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್ ಕಚೇರಿ ಮತ್ತು ಯುರೋಪಿಯನ್ ಒಕ್ಕೂಟದ ನ್ಯಾಯಿಕ ಸಹಕಾರ ಸಂಸ್ಥೆಯಾದ ಯೂರೋಜಸ್ಟ್ 2022ರ ಸೆಪ್ಟೆಂಬರ್‌ನಲ್ಲಿ ನಾಗರಿಕ ಸಂಘಟನೆಗಳಿಗೆ ಕೊಟ್ಟ ಮಾರ್ಗಸೂಚಿ ಇದನ್ನೇ ಎಚ್ಚರಿಸುತ್ತದೆ. ಹೇಳುವವರು ಅಪರಾಧವನ್ನು ಕಣ್ಣಾರೆ ಕಂಡವರಾಗಿದ್ದರೆ ಸಂಘದವರು ಹೆಸರು, ಸಂಪರ್ಕ, ಯಾವ ದಿನ ಎಲ್ಲಿದ್ದರು ಎಂಬಷ್ಟನ್ನು ಬರೆದುಕೊಂಡು, ವಿವರವಾದ ಹೇಳಿಕೆಯನ್ನು ತನಿಖೆಯವರಿಗೆ ಬಿಡಬೇಕು. ಹಾಸ್ಟೆಲ್ ಜೀವನ, ಪ್ರಯಾಣ, ಮನೆಯವರ ಆತಂಕ, ಮರಳಿದ ನಂತರದ ಓದು, ಇವನ್ನು ಎಷ್ಟು ವಿಸ್ತಾರವಾಗಿ ದಾಖಲಿಸಿದರೂ ಹಾನಿಯಿಲ್ಲ.

ಯಾರಿಗೆ ಯಾವುದು?

ಫೋನಿನಲ್ಲಿ ಒಂದಷ್ಟು ವಿಡಿಯೊ ಇರುವ ವಿದ್ಯಾರ್ಥಿಗೆ ಎರಡು ಹಾರ್ಡ್ ಡಿಸ್ಕು, ಹ್ಯಾಶ್ ಬರೆದ ನೋಟ್‌ಬುಕ್ಕು, ಹಳೆಯ ಫೋನು, ಇಷ್ಟೇ ಸಾಕು. ದಾಳಿಯ ದೃಶ್ಯವಿದ್ದರೆ ಜೊತೆಗೆ ಓಟಿಪಿ ಲಿಂಕ್. ಮತ್ತೆ ಸಮುದ್ರಕ್ಕೆ ಹೊರಟ ನಾವಿಕರಿಗೆ ಪ್ರೂಫ್‌ಮೋಡ್ ಉಳಿದೆಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ನಡುಗಡಲಿನಲ್ಲಿ ಸರ್ವರಿಗೆ ಕಳುಹಿಸುವಷ್ಟು ಇಂಟರ್ನೆಟ್ ಸಿಗುವ ಭರವಸೆಯಿಲ್ಲ. ಜಾಲದ ದಾಖಲೆಗಳನ್ನು ಉಳಿಸುವ ಸಂಶೋಧಕರಿಗೆ ವಾರ್ಕ್ ಪ್ರತಿಯೂ ವೇಬ್ಯಾಕ್ ಪ್ರತಿಯೂ ಎರಡೂ ಬೇಕು. ಮೊದಲನೆಯದರಲ್ಲಿ ವಿವರವಿದೆ, ಎರಡನೆಯದಕ್ಕೆ ಮೂರನೆಯವರ ಸಾಕ್ಷಿಯಿದೆ. ಸಂಘಕ್ಕೆ ಒಪ್ಪಿಗೆಪತ್ರಗಳ ಕಡತ, ಪ್ರದರ್ಶನದ ಪ್ರತಿಗಳು ಮತ್ತು ಮೂಲ ಯಾರ ಬಳಿ ಇದೆ ಎಂಬ ಪಟ್ಟಿ.

ಇವರೆಲ್ಲರಿಗೂ ಸಮಾನವಾಗಿ ಬೇಕಾದ ಒಂದು ಏರ್ಪಾಡಿದೆ. ಮ್ಯಾನ್ಮಾರ್, ಸಿರಿಯಾಗಳ ಅನುಭವ ನೋಡಿದರೆ ಘಟನೆಗೂ ವಿಚಾರಣೆಗೂ ನಡುವೆ ಹತ್ತು ವರ್ಷ ಸಲೀಸಾಗಿ ಕಳೆಯುತ್ತದೆ. ಅಷ್ಟರಲ್ಲಿ ಬಾಡಿಗೆ ಮನೆ ಬದಲಾಗಿರುತ್ತದೆ, ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ, ಫೋನ್ ನಂಬರೂ ಬೇರೆಯಾಗಿರುತ್ತದೆ. ಡಿಸ್ಕು ಎಲ್ಲಿದೆ, ಪಾಸ್‌ವರ್ಡ್ ಏನು, ತಾನಿಲ್ಲದಾಗ ಅದನ್ನು ಯಾರಿಗೆ ಕೊಡಬೇಕು ಮತ್ತು ಯಾರಿಗೆ ಕೊಡಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಬ್ಯಾಂಕಿನ ಕಾಗದಪತ್ರಗಳ ಜೊತೆಗೆ ಇಟ್ಟು, ಮನೆಯ ಇನ್ನಿಬ್ಬರಿಗೆ ಆ ಸಂಗತಿಯನ್ನು ತಿಳಿಸಿರಬೇಕು.